ಇಲಿ ಬೀಳದ ಮನೆ

ನಾನೊಂದು ಇಲಿಬೋನು. ಗದಗಿನ ಮೋನಪ್ಪ ಬಡಿಗೇರ ಉಳಿದ ಸಾಗವಾನಿ ತುಂಡುಗಳಿಂದ ನನ್ನನ್ನು ಮಾಡಿದ. ಮೊಳದುದ್ದದ ಪೆಟ್ಟಿಗೆ, ಹಿಂದೆ ತಂತಿಯ ಜಾಲರಿ, ಮುಂದೆ ಮೇಲಕ್ಕೆತ್ತುವ ಹಲಗೆಯ ಬಾಗಿಲು. ನೆತ್ತಿಯ ಮೇಲೆ ಒಂದು ಕೋಲು. ಅದರ ಒಂದು ತುದಿಗೆ ಬಾಗಿಲಿನ ದಾರ, ಇನ್ನೊಂದು ತುದಿಯನ್ನು ಹಿಡಿದಿಡಲು ಹೊಟ್ಟೆಯೊಳಗಿನಿಂದ ಬಂದ ಕೊಕ್ಕೆ. ಕೊಕ್ಕೆಗೆ ಸುಟ್ಟ ಕೊಬ್ಬರಿ. ಇಲಿ ಕೊಬ್ಬರಿಯನ್ನು ಜಗ್ಗಿದರೆ ಕೊಕ್ಕೆ ಜಾರುತ್ತದೆ, ಬಾಗಿಲು ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಕೆಲಸವೆಲ್ಲ ಇಲಿಯ ಹಸಿವಿನದು. ನಾನು ಬಾಯಿ ತೆರೆದು ಕೂತರೆ ಸಾಕು.

ಜೋಳದ ವ್ಯಾಪಾರಿ ಅಡಿವೆಪ್ಪ ನನ್ನನ್ನು ಕೊಂಡ. ಮುಂದೆ ಅಂಗಡಿ, ಹಿಂದೆ ಮನೆ. ಚೀಲಗಳ ಸಂದಿಯಲ್ಲಿ ನನ್ನನ್ನಿಟ್ಟರು. ದಿನವೂ ಬೆಳಗಾದರೆ ಬಾಗಿಲು ಬಿದ್ದಿರುತ್ತಿತ್ತು. ಅವನ ಹೆಂಡತಿ ಫಕೀರವ್ವ ನನ್ನನ್ನು ಹಿತ್ತಲಿಗೆ ಒಯ್ದು ನೀರಿನ ಬಾನಿಯಲ್ಲಿ ಮುಳುಗಿಸಿ, ಆಮೇಲೆ ಬಿಸಿಲಿಗಿಡುತ್ತಿದ್ದಳು.

“ಬೆಕ್ಕಿನಕಿಂತ ನೀನ ಚಲೋ. ಹಾಲು ಕೇಳಂಗಿಲ್ಲ,” ಎಂದು ಒಮ್ಮೆ ನನ್ನ ಬೆನ್ನು ತಟ್ಟಿದಳು.

ಅಂಥ ದಿನಗಳಲ್ಲೇ ಊರಿಗೆ ಪ್ಲೇಗು ಬಂತು. ಅದು ಮನೆ ಹೊಕ್ಕದ್ದನ್ನು ಜನ ಇಲಿಗಳಿಂದ ಗುರುತಿಸುತ್ತಿದ್ದರು. ಹಾಡಹಗಲೇ ಇಲಿ ಹೊರಬಂದು ಗಿರಗಿರ ತಿರುಗಿ ಸತ್ತು ಬಿದ್ದರೆ, ಮನೆಗೆ ಬೀಗ ಹಾಕಿ ಊರ ಹೊರಗಿನ ಗುಡಿಸಲು ಸೇರುತ್ತಿದ್ದರು. ಓಣಿ ಒಂದೊಂದೇ ಮನೆಯಾಗಿ ಖಾಲಿಯಾಯಿತು. ಹತ್ತಿ ಗಿರಣಿಯ ಹುಸೇನಸಾಬ, ಪಕ್ಕದ ಮನೆಯವನು, ಗಂಟು ಹೊತ್ತು ಬಾಗಿಲಲ್ಲಿ ನಿಂತ.

“ಫಕೀರವ್ವಕ್ಕಾ, ನಮ್ಮ ಮನ್ಯಾಗ ಇಲಿ ಬಿದ್ವು. ನೀವೂ ನಡೀರಿ.”

ಅವಳು ಗಂಡನ ಕಡೆ ತಿರುಗಿದಳು.

“ನಮ್ಮ ಮನ್ಯಾಗ ಒಂದರ ಇಲಿ ಬಿದ್ದದ್ದ ನೋಡೀಯೇನು?” ಎಂದ ಅಡಿವೆಪ್ಪ. “ಇಂಥಾ ಬೋನ ಇರೂವಾಗ ಬೀಳಾಕ ಇಲಿ ಉಳೀಬೇಕಲ್ಲ! ಜ್ವಾಳಾ ಬಿಟ್ಟು ಹ್ವಾದ್ರ ಕಳ್ಳರು ಒಂದ ಚೀಲಾನೂ ಉಳಸಂಗಿಲ್ಲ.”

“ಜ್ವಾಳಾ ಹೋದ್ರ ಹೋಗ್ಲಿ. ಮನ್ಯಾಗ ಕೂಸು ಐತಿ.”

“ಇಲಿ ಬೀಳ್ಲಿ. ಅವತ್ತ ಹೋಗೂಣು.”

ಅವನು ಹೇಳಿದ್ದು ಸುಳ್ಳಲ್ಲ. ಬೀಳಬೇಕಾದ ಇಲಿಗಳೆಲ್ಲ ಅಷ್ಟರೊಳಗೆ ನನ್ನ ಹೊಟ್ಟೆ ಸೇರುತ್ತಿದ್ದವು. ಆದರೆ ಈಗ ಬರುವ ಇಲಿಗಳ ರೀತಿಯೇ ಬೇರೆ. ಕೂದಲು ನಿಮಿರಿದ, ಕಾಲೆಳೆಯುವ ಇಲಿಗಳು. ಕೊಬ್ಬರಿಯನ್ನು ಮೂಸದೆ, ಕತ್ತಲೆ ಹುಡುಕಿ ಒಳಬಂದು ಕೊಕ್ಕೆಗೆ ಒರಗುತ್ತಿದ್ದವು. ಬಾಗಿಲು ಬಿದ್ದರೂ ಬೆಚ್ಚುತ್ತಿರಲಿಲ್ಲ. ಇಲಿಯ ಮೈ ತಣ್ಣಗಾದಾಗ ಅದರ ಮೇಲಿನ ಚಿಗಟಗಳು ಜಾಲರಿಯಿಂದ ಹೊರಗೆ ಹಾರುತ್ತಿದ್ದವು. ನನ್ನ ಜಾಲರಿ ಹೆಣೆದದ್ದು ಇಲಿಗಾಗಿ.

ಮಗಳು ಚಂಬವ್ವ ನನ್ನೆದುರು ಕುಕ್ಕರಗಾಲಲ್ಲಿ ಕೂತು ಇಣುಕಿದಳು. “ಅವ್ವಾ, ಈ ಇಲಿ ಮಲಗೇತಿ ನೋಡು.”

ಫಕೀರವ್ವ ಓಡಿಬಂದಳು. ಇಲಿ ಸತ್ತಿತ್ತು. ನೀರು ಮುಟ್ಟುವ ಮೊದಲೇ ಸತ್ತಿತ್ತು.

“ಇದೂ ಬಿದ್ದಂಗ ಅಲ್ಲೇನ್ರೀ?” ಎಂದು ಗಂಡನನ್ನು ಕೇಳಿದಳು.

“ಬೋನಿನಾಗ ಅಂಜಿ ಸತ್ತಿರತೈತಿ,” ಎಂದ ಅವನು. ನನ್ನ ಕಡೆ ಮಾತ್ರ ನೋಡಲಿಲ್ಲ.

ಅವಳು ಬಟ್ಟೆಬರೆ ಗಂಟು ಕಟ್ಟಿದಳು. ಗಂಡ ಬರಲಿ ಬಿಡಲಿ, ಮಗಳನ್ನೆತ್ತಿಕೊಂಡು ಹೊರಡುವವಳೇ. ಎತ್ತಿಕೊಳ್ಳಲು ಹೋದಾಗ ಮಗುವಿನ ಮೈ ಕೆಂಡದಂತಿತ್ತು. ಬಗಲಲ್ಲಿ ಗಡ್ಡೆ. ಕಟ್ಟಿದ ಗಂಟನ್ನು ಬಿಚ್ಚಿ ಅದೇ ಬಟ್ಟೆಯನ್ನು ಮಗಳಿಗೆ ಹಾಸಿದಳು.

ಚಂಬವ್ವನ ಹೆಣ ಹೊರಲು ಓಣಿಯಲ್ಲಿ ಜನವಿರಲಿಲ್ಲ. ಅಪ್ಪನೇ ಹೆಗಲ ಮೇಲೆ ಹೊತ್ತೊಯ್ದ. ಆ ವಾರವೇ ಅವನೂ ಮಲಗಿದ. ತೊಡೆಸಂದಿಯ ನೋವಿಗೆ ಹೊರಳುತ್ತ, ಚೀಲಗಳ ಸಂದಿಯಲ್ಲಿದ್ದ ನನ್ನನ್ನೇ ನೋಡುತ್ತಿದ್ದ.

“ಫಕೀರೀ... ಇಲಿ ಬೀಳ್ಲಿಲ್ಲಲ್ಲ,” ಎಂದ. ಅದೇ ಅವನ ಕೊನೆಯ ಮಾತು.

ಫಕೀರವ್ವ ಗುಡಿಸಲಿಗೆ ಹೋದಳು, ಒಬ್ಬಳೇ. ಚುಚ್ಚುಮದ್ದು ಹಾಕುವವನೊಬ್ಬ ಅಲ್ಲಿ ಎಲ್ಲರಿಗೂ ಹೇಳಿದನಂತೆ: ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ, ಸತ್ತ ಇಲಿಯ ಹತ್ತಿರವೂ ಸುಳಿಯಬೇಡಿ ಎಂದು. ಊರು ತಣ್ಣಗಾದ ಮೇಲೆ ಅವಳು ಮರಳಿದಳು. ಗೋಡೆಗೆ ಸುಣ್ಣ ಬಳಿದಿದ್ದರು. ಜೋಳವನ್ನು ಕಳ್ಳರು ಹೊತ್ತೊಯ್ದಿದ್ದರು. ಮೂಲೆಯಲ್ಲಿ ನಾನಿದ್ದೆ.

ಹುಸೇನಸಾಬ ನನ್ನನ್ನು ಕಾಲಿನಿಂದ ಸರಿಸಿ, “ಅಕ್ಕಾ, ಇದನ್ನ ಒಲಿಗೆ ಹಾಕ್ಲೇನು?” ಎಂದ.

“ಬ್ಯಾಡಪಾ. ಮರಾ ಏನ್ ಮಾಡೇತಿ? ನೀನ ತಗೊಂಡ ಹೋಗು. ನನ್ನ ಮನ್ಯಾಗ ಇನ್ನ ಇಲಿ ತಿನ್ನೂವಂಥಾದ್ದು ಏನೈತಿ?”

ಹಾಗೆ ನಾನು ಹತ್ತಿ ಗಿರಣಿ ಸೇರಿದೆ. ಅವಳು ಸಾಯುವವರೆಗೂ ಮುಂಬಾಗಿಲು ಹಾಕದೆ ಮಲಗುತ್ತಿದ್ದಳೆಂದು ಹುಸೇನಸಾಬ ಯಾರಿಗೋ ಹೇಳಿದ್ದನ್ನು ಕೇಳಿದ್ದೇನೆ. ಗಿರಣಿ ಮುಚ್ಚಿತು, ಒಂದು ಖಾನಾವಳಿಗೆ ಹೋದೆ, ಅಲ್ಲಿಂದ ಗುಜರಿಗೆ. ಈಗ ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಹಿತ್ತಾಳೆ ದೀಪಗಳ ನಡುವೆ ಕೂತಿದ್ದೇನೆ. ಬಂದವರು ಕೊಕ್ಕೆಯನ್ನು ಬೆರಳಿನಿಂದ ಜಗ್ಗುತ್ತಾರೆ. ಬಾಗಿಲು ಥಟ್ಟನೆ ಬೀಳುತ್ತದೆ. “ಅಬ್ಬಾ, ಇನ್ನೂ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ!” ಎಂದು ನಗುತ್ತಾರೆ.

ಹೌದು, ಮಾಡುತ್ತದೆ. ಒಳಗೆ ಬಂದವರನ್ನು ನಾನು ಇಂದಿಗೂ ಬಿಡುವುದಿಲ್ಲ. ಹೊರಗಿರುವವರನ್ನು ಕಾಪಾಡುವುದು ಮಾತ್ರ ನನ್ನಿಂದ ಎಂದೂ ಆಗಲಿಲ್ಲ. ಗಿರಾಕಿಗಳು ಹೋದ ಮೇಲೆ ಅಂಗಡಿಯವನು ಬಂದು ಬಾಗಿಲನ್ನು ಮೇಲೆತ್ತಿ ಮತ್ತೆ ಕೊಕ್ಕೆಗೆ ಸಿಕ್ಕಿಸುತ್ತಾನೆ.