ಎರಡನೆಯ ಹಾಳೆ

ನಮ್ಮ ಮನೆಯವರು, ವೆಂಕಟಸುಬ್ಬಯ್ಯನವರು, ದ್ವೇಷವನ್ನು ಉಪ್ಪಿನಕಾಯಿಯ ಹಾಗೆ ಇಟ್ಟುಕೊಳ್ಳುವ ಮನುಷ್ಯ. ಕೆಡಬಾರದೆಂದು ಆಗಾಗ ಮುಚ್ಚಳ ತೆಗೆದು, ಕೈಯಾಡಿಸಿ, ಮತ್ತೆ ಮುಚ್ಚಿಡುತ್ತಾರೆ. ಒಂಬತ್ತು ವರ್ಷದಿಂದ ಅವರು ಹೀಗೆ ಜೋಪಾನ ಮಾಡಿದ್ದು ಒಂದು ಈಮೇಲನ್ನು. ಬರೆದವರು ಪಕ್ಕದ ಮನೆಯ ಸಂಗಪ್ಪನವರು, ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್.

ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರು ವಿಜಯಪುರದವರು, ದಾದರಿನಲ್ಲಿ ಬಟ್ಟೆಯಂಗಡಿ. ನಾವು ಮೈಸೂರಿನವರು, ಇವರು ಫೋರ್ಟಿನಲ್ಲಿ ಮೂವತ್ತು ವರ್ಷ ಆಫೀಸು ಮಾಡಿ ನಿವೃತ್ತರಾದವರು. ಸಂಗಪ್ಪನವರ ಹೆಂಡತಿ ಕಾಶವ್ವ ಈ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ. ನನಗೆ ಟೈಫಾಯ್ಡ್ ಬಂದಾಗ ಇಪ್ಪತ್ತು ದಿನ ಗಂಜಿ ಮಾಡಿ ತಂದು ಕುಡಿಸಿದವಳು. ಹಾಗಿದ್ದವಳು ಒಂದು ದಿನ ಇದ್ದಕ್ಕಿದ್ದಂತೆ ಮಾತು ಬಿಟ್ಟಳು.

ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದೆ. "ನಿಮ್ಮ ಯಜಮಾನ್ರನ್ನ ಕೇಳ್ರಿ" ಅಂದು ಇಳಿದು ಹೋದಳು.

ಯಜಮಾನರನ್ನು ಕೇಳಿದರೆ ಕಂಪ್ಯೂಟರಿನ ಮುಂದೆ ಕೂರಿಸಿ ಸಂಗಪ್ಪನವರ ಮೇಲ್ ತೋರಿಸಿದರು. ಇಂಗ್ಲಿಷಿನ ನಡುವೆ, ಇಂಗ್ಲಿಷ್ ಅಕ್ಷರಗಳಲ್ಲೇ, ಎರಡು ಸಾಲು ಕನ್ನಡ: "ನಿಮ್ಮ ಹೆಂಡತಿ ಉಂಡ ಮನೆ ಜಂತೆ ಎಣಿಸುವವಳು. ಇನ್ನು ನಮ್ಮ ಹೊಸ್ತಿಲು ತುಳಿಯಬಾರದು."

"ನೋಡಿದ್ಯಾ? ನಾವು ಒಂದು ಮಾತೂ ಅನ್ನದೆ ಹೇಗೆ ಬರೆದಿದಾನೆ!" ಅಂದರು ಇವರು.

ನಾನು ನಂಬಿದೆ. ಎರಡು ದಿನ ಅತ್ತೆ, ಮೂರನೆಯ ದಿನದಿಂದ ನಾನೂ ಮುಖ ತಿರುಗಿಸಿದೆ. ಲಿಫ್ಟಿನಲ್ಲಿ ಕಾಶವ್ವ ಇದ್ದರೆ ಮಂಡಿನೋವು ಮರೆತು ಮೆಟ್ಟಿಲು ಹತ್ತುತ್ತಿದ್ದೆ. ಹೀಗೇ ಒಂಬತ್ತು ವರ್ಷ ಕಳೆಯಿತು.

ಇವರು ಆ ಮೇಲನ್ನು ಬೇರೆ ಫೋಲ್ಡರಿಗೆ ಹಾಕಿ, ಭಾನುವಾರ ಸ್ನಾನವಾದ ಮೇಲೆ ತೆಗೆದು ಓದುತ್ತಿದ್ದರು. ಓದಿದ ಮೇಲೆ ತಿಂಡಿ ಚೆನ್ನಾಗಿ ಸೇರುತ್ತಿತ್ತು. ಈ ವರ್ಷ ಚೇರ್ಮನ್ ಚುನಾವಣೆಗೆ ತಾವೇ ನಿಂತರು. ಸಭೆಯಲ್ಲಿ ಆ ಮೇಲನ್ನು ಹಂಚಿ, ಹೆಣ್ಣುಮಕ್ಕಳ ಬಗ್ಗೆ ಹೀಗೆ ಬರೆಯುವವನು ಚೇರ್ಮನ್ನಾ ಎಂದು ಕೇಳುವುದು ಅವರ ಲೆಕ್ಕಾಚಾರ.

ಅಷ್ಟರಲ್ಲಿ ಆ ಹಳೆಯ ಮೇಲ್ ಪ್ರೋಗ್ರಾಮ್ ಕೈಕೊಟ್ಟಿತು. ತೆರೆದರೆ ಸಾಕು, ತಾನೇ ಮುಚ್ಚಿಕೊಳ್ಳುತ್ತಿತ್ತು. ಇವರ ಮುಖ ನೋಡಬೇಕಿತ್ತು, ಬ್ಯಾಂಕಿನ ಲಾಕರಿನ ಕೀಲಿ ಕಳೆದುಹೋದವರ ಹಾಗೆ. ಮಗಳು ಧಾತ್ರಿ ಪುಣೆಯಿಂದ ಬಂದವಳು ಅರ್ಧ ದಿನ ಕೂತು ಹೊಸ ಪ್ರೋಗ್ರಾಮ್ ಹಾಕಿ, ಹಳೆಯ ಮೇಲುಗಳನ್ನೆಲ್ಲ ಅದಕ್ಕೆ ತಂದುಕೊಟ್ಟಳು.

"ಅಪ್ಪಾ, ಸುನೋ. ಹಳೇದ್ರಲ್ಲಿ ಬಂದಿದ್ದು ಅಲಗ್, ನೀವು ಕಳ್ಸಿದ್ದು ಅಲಗ್, ಬೇರೆ ಬೇರೆ ಇತ್ತು. ಇದ್ರಲ್ಲಿ ಒಂದು ಸಬ್ಜೆಕ್ಟ್‌ದು ಪೂರಾ ಒಂದೇ ಕಡೆ ಕಾಣ್ತದೆ. ಹೊಸದು ಮೇಲೆ, ಹಳೇದು ಕೆಳಗೆ. ಪ್ರಿಂಟ್ ಕೊಟ್ರೂ ಎಲ್ಲ ಬರತ್ತೆ, ಓಕೆ?"

"ಗೊತ್ತು ಗೊತ್ತು. ನೀನು ಹುಟ್ಟೋಕೆ ಮುಂಚೆ ಕಂಪ್ಯೂಟರ್ ನೋಡಿದೀನಿ" ಅಂದರು ಇವರು. ಸಂಗಪ್ಪನವರ ಮೇಲ್ ಸಿಕ್ಕಿತ್ತಲ್ಲ, ಇನ್ನೇನೂ ಅವರ ಕಿವಿಗೆ ಬೀಳುವ ಹಾಗಿರಲಿಲ್ಲ.

ಬುಧವಾರ ಪ್ರಿಂಟ್ ತೆಗೆದರು. ಎರಡು ಹಾಳೆ ಬಂತು. ಮೇಲಿನದನ್ನು ಓದಿ ಮೀಸೆ ತೀಡಿ, "ಸುಬ್ಬಲಕ್ಷ್ಮೀ, ಸ್ಟೇಷನ್ ಹತ್ರ ಹೋಗಿ ಮೂವತ್ತೆರಡು ಜೆರಾಕ್ಸ್ ಮಾಡಿಸ್ಕೊಂಡು ಬಾ. ಮನೆಗೊಂದು" ಅಂದರು.

ಅಂಗಡಿಯಲ್ಲಿ ಜನವಿತ್ತು. ಕಾಯುತ್ತಾ ಕನ್ನಡಕ ಹಾಕಿಕೊಂಡು ಎರಡನೆಯ ಹಾಳೆ ನೋಡಿದೆ. ಸಂಗಪ್ಪನವರ ಮೇಲಿಗೆ ಎರಡು ದಿನ ಮುಂಚೆ ನಮ್ಮ ಮನೆಯವರು ಸಂಗಪ್ಪನವರಿಗೆ ಬರೆದ ಮೇಲ್ ಅದು. ನಾನೂ ಬಿ.ಎ. ಓದಿದವಳು, ಇಂಗ್ಲಿಷ್ ಅರ್ಥವಾಗುತ್ತದೆ. ದಿನಾ ಬೆಳಗ್ಗೆ ಐದೂವರೆಗೆ ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಅದರಿಂದ ನನ್ನ ಹೆಂಡತಿಗೆ ತಲೆನೋವು ಹತ್ತಿಕೊಂಡಿದೆ. ಇಂಥ ಜನಕ್ಕೆ ಒಂದೊಂದು ಕೋಣೆಯ ಚಾಳೇ ಸರಿ, ಬಿಲ್ಡಿಂಗ್ ಒಗ್ಗುವುದಿಲ್ಲ ಎಂದು ಅವಳೇ ಹೇಳುತ್ತಾಳೆ.

ನಾನು ಹೇಳಿದ್ದೆನಂತೆ! ಆ ರೊಟ್ಟಿಯ ಸದ್ದಿಗೇ ನಾನು ಏಳುತ್ತಿದ್ದವಳು. ಕಾಶವ್ವ ಎದ್ದಳು, ಇನ್ನು ನಾನೂ ಏಳಬೇಕು ಅಂತ. ಅದರಲ್ಲಿ ಎರಡು ರೊಟ್ಟಿ ನನಗೇ ಬರುತ್ತಿತ್ತು. ನಿದ್ದೆ ಕೆಡುತ್ತಿದ್ದದ್ದು ಇವರಿಗೆ. ತಮ್ಮ ಬಾಯಲ್ಲಿ ಹೇಳಲು ಧೈರ್ಯವಿಲ್ಲದೆ ನನ್ನ ಬಾಯಿ ಎರವಲು ತೆಗೆದುಕೊಂಡಿದ್ದರು. ನನಗೆ ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಆಂಟೀಜಿ, ದೋನೋ ಪೇಜ್?" ಎರಡೂ ಹಾಳೆಯೇ ಎಂದು ಅಂಗಡಿಯವನು ಕೈಚಾಚಿ ಕೇಳಿದ.

ಕನ್ನಡಕ ತೆಗೆದು, ಎರಡೂ ಹಾಳೆ ಜೋಡಿಸಿ ಅವನ ಕೈಗಿಟ್ಟೆ.

"ಹಾಂ, ದೋನೋ. ಪಿನ್ ಭೀ ಮಾರೋ" ಅಂದೆ.

ಗುರುವಾರ, ಶುಕ್ರವಾರ, ಶನಿವಾರ ಇವರಿಗೆ ಇಷ್ಟವಾದ ಹುಳಿಯನ್ನೇ ಮಾಡಿ ಬಡಿಸಿದೆ. ಜೆರಾಕ್ಸಿನ ಕಟ್ಟು ಮೇಜಿನ ಮೇಲೇ ಇತ್ತು. ಒಂದು ಸಲ ಪುಟ ತಿರುವಿದ್ದರೂ ಉಳಿಯುತ್ತಿದ್ದರು. ತಿರುವಲಿಲ್ಲ.

ಭಾನುವಾರ ಬೆಳಗ್ಗೆ ಕೆಳಗೆ ಪಾರ್ಕಿಂಗಿನಲ್ಲಿ ಸಭೆ. ಹೆಂಗಸರ ಸಾಲಿನಲ್ಲಿ ನಾನು ಒಂದು ತುದಿ, ಕಾಶವ್ವ ಇನ್ನೊಂದು ತುದಿ. ಇವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಾವೇ ಕೈಯಾರೆ ಎಲ್ಲರಿಗೂ ಪ್ರತಿ ಹಂಚಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಆ ಎರಡು ಸಾಲನ್ನು ಹಿಂದಿಗೆ ತಿರುಗಿಸಿ ಹೇಳಿದರು. "ಮೇರೀ ವೈಫ್ ನೇ ಕ್ಯಾ ಬಿಗಾಡಾ ಥಾ ಇನ್ ಕಾ?" ನನ್ನ ಹೆಂಡತಿ ಇವರಿಗೇನು ಕೆಡುಕು ಮಾಡಿದ್ದಳು ಎನ್ನುವಾಗ ಅವರ ದನಿ ನಡುಗಿತು. ಸಂಗಪ್ಪನವರು ತಲೆ ತಗ್ಗಿಸಿದರು.

ಸೊಸೈಟಿಯ ಸೆಕ್ರೆಟರಿ ಹಿತೇಶ್ ಪುಟ ತಿರುವಿದ. ಹುಬ್ಬೇರಿಸಿದ.

"ಅಂಕಲ್, ಪೀಛೇ ಆಪ್ ಕಾ ಹೀ ಮೇಲ್ ಹೈ. ಪಢೂಂ ಕ್ಯಾ?"

ಹಿಂದಿನ ಹಾಳೆಯಲ್ಲಿರುವ ನಿಮ್ಮದೇ ಮೇಲನ್ನು ಓದಲೇ ಎಂದು ಅವನು ಕೇಳಿದ್ದಕ್ಕೆ ಇವರು ಯಾವುದೆಂದು ತಿಳಿಯದೆ ಹೂಂ ಅಂದುಬಿಟ್ಟರು. ಅವನು ಜೋರಾಗಿ ಓದಿದ. ಚಾಳು ಎಂಬಲ್ಲಿಗೆ ಬರುವಷ್ಟರಲ್ಲಿ ಮೂವತ್ತೊಂದು ಮನೆಯವರೂ ಪುಟ ತಿರುವಿಯಾಗಿತ್ತು. ಅಲ್ಲಿದ್ದವರಲ್ಲಿ ಅರ್ಧ ಜನ ಚಾಳಿನಲ್ಲಿ ಹುಟ್ಟಿ ಬೆಳೆದವರು. ನಮ್ಮ ಮನೆಯವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅದನ್ನು ನಾನು ಕಣ್ತುಂಬ ನೋಡಿದೆ; ಸುಳ್ಳು ಯಾಕೆ ಹೇಳಲಿ, ಹಬ್ಬದೂಟ ಮಾಡಿದ ಹಾಗಾಯಿತು.

ಎದ್ದು ನಿಂತು, "ಕಾಶವ್ವಾ, ನಾನು ಈ ಮಾತು ಯಾವತ್ತೂ ಆಡಿಲ್ಲ. ಇವರು ಹೀಗೆ ಬರೆದಿದಾರೆ ಅಂತಲೇ ನನಗೆ ಗೊತ್ತಿರಲಿಲ್ಲ" ಅಂದೆ.

ಕಾಶವ್ವ ಹಾಳೆಯಿಂದ ತಲೆ ಎತ್ತಿದಳು. "ನೀವು ಇದನ್ನ ಯಾವಾಗ ಓದಿದ್ರಿ ಅಕ್ಕಾರ?"

"ಬುಧವಾರ."

"ಹಂಗಾದ್ರ ಬುಧವಾರನ ಬಂದು ನಮ್ಮ ಬಾಗಲಾ ಬಡೀಬೇಕಿತ್ತಲ್ರಿ. ನಾಕು ದಿನಾ ಯಾಕ ಕಾದ್ರಿ?"

ಗೆಳತಿ ಸಿಗುವುದಕ್ಕಿಂತ ಮೊದಲು ಗಂಡ ಬೀಳುವುದು ಬೇಕಾಗಿತ್ತು ನನಗೆ. ಅವಳಿಗೆ ಅದು ಅರ್ಥವಾಯಿತೆಂದು ಕಾಣುತ್ತದೆ. ಹಾಳೆಯನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಹೋದಳು.

ಸಂಗಪ್ಪನವರೇ ಮತ್ತೆ ಚೇರ್ಮನ್ ಆದರು. ಮನೆಗೆ ಬಂದು ಇವರು ಕುರ್ಚಿಯಲ್ಲಿ ಕುಸಿದರು.

"ಜೆರಾಕ್ಸ್ ಮಾಡಿಸೋವಾಗ ನೀನು ನೋಡಿದ್ಯಾ?"

"ನೋಡಿದ್ದೆ."

"ನನಗೊಂದು ಮಾತು ಹೇಳಬಾರದಿತ್ತೇನೇ?"

"ನನ್ನ ಹೆಸರು ಹಾಕಿ ಬರೆಯೋವಾಗ ನೀವು ಹೇಳಿದ್ರಾ?"

ನಾನು ಕಂಪ್ಯೂಟರ್ ಹಾಕಿ ಕೀಬೋರ್ಡನ್ನು ಅವರ ಮುಂದೆ ತಳ್ಳಿದೆ. ಅದೇ ಮೇಲಿಗೆ, ಮೂವತ್ತೆರಡು ಮನೆಗೂ ಹೋಗುವ ಹಾಗೆ ಉತ್ತರ ಬರೆಯಲು ಹೇಳಿದೆ. ನನ್ನ ಹೆಂಡತಿ ಹಾಗೆ ಹೇಳಿರಲಿಲ್ಲ, ನಾನೇ ಸುಳ್ಳು ಬರೆದೆ, ಅಷ್ಟೇ ಸಾಕು. ಈ ಹೊಸ ಪ್ರೋಗ್ರಾಮಿನಲ್ಲಿ ಕೊನೆಯದೇ ಮೇಲೆ ಕಾಣುತ್ತದೆಯಲ್ಲ. ಇನ್ನು ಭಾನುವಾರ ಸ್ನಾನ ಮಾಡಿ ಬಂದು ತೆರೆದರೆ ಮೊದಲು ಅದನ್ನೇ ಓದಲಿ.

ಒಂದೊಂದೇ ಬೆರಳಿನಲ್ಲಿ ಬಡಿಯತೊಡಗಿದರು. ಅರ್ಧಕ್ಕೆ ಬಂದಿದ್ದರೋ ಏನೋ, ಗೋಡೆಯಾಚೆ ಕಾಶವ್ವ ಮಧ್ಯಾಹ್ನದ ರೊಟ್ಟಿ ಬಡಿಯಲು ಶುರುಮಾಡಿದಳು. ಎಂದಿಗಿಂತ ಜೋರಾಗಿಯೇ. ಇವರ ಕೈ ನಿಂತಿತು. ಕತ್ತೆತ್ತಿ ನನ್ನ ಮುಖ ನೋಡಿದರು.

"ಬರೀರಿ" ಅಂದೆ. "ನನಗೇನೂ ತಲೆನೋವಿಲ್ಲ."