ಜಿರಾಫೆಯ ಹೊಟ್ಟೆಗೆ ಕಟ್ಟಿದ ಸೀರೆ

ನಾನು ಒಂದು ಇಳಕಲ್ ಸೀರೆ. ಹತ್ತಿಯ ಒಡಲು, ರೇಷ್ಮೆಯ ಸೆರಗು, ದಾಳಿಂಬೆ ಹಣ್ಣಿನ ಬಣ್ಣ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗದ ಮೇಲೆ ಹುಟ್ಟಿದೆ. ನೇಯ್ದವನ ಮುಖ ಸರಿಯಾಗಿ ನೆನಪಿಲ್ಲ, ಅವನ ಕೆಮ್ಮು ನೆನಪಿದೆ. ಒಡಲಿನ ನೂಲಿಗೆ ಸೆರಗಿನ ನೂಲನ್ನು ಒಂದೊಂದಾಗಿ ಕೂಡಿಸಿದವಳು ಅವನ ಹೆಂಡತಿ. ಕೆಲಸ ಮುಗಿದ ಮೇಲೆ ಅವಳು ನನ್ನನ್ನು ಎರಡೂ ಕೈಯಿಂದ ಜಗ್ಗಿ ನೋಡಿ, "ಈಕಿ ಗಟ್ಟಿಗಿತ್ತಿ ಅದಾಳ" ಎಂದಳು. ಹುಟ್ಟಿದ ದಿನವೇ ಇಂಥ ಮಾತು ಕೇಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ನನ್ನನ್ನು ಕೊಂಡವಳು ಗದಗಿನ ಶಂಕ್ರವ್ವ. ಅವರ ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ತಂಗಿಯ ಮದುವೆಗೆ ನನ್ನನ್ನು ಉಟ್ಟು ಮೆರೆದಳು. ಆಮೇಲೆ ಹಬ್ಬಕ್ಕೆ ಉಟ್ಟಳು, ಆಮೇಲೆ ದಿನಾ ಉಟ್ಟಳು. ಹೊಸ್ತಿಲು ದಾಟಿದರೆ ಸಾಕು, ಜೋಳದ ಹಿಟ್ಟು ನನ್ನ ಮೇಲೆ ಬಂದು ಕೂರುತ್ತಿತ್ತು. ಒಗೆದೂ ಒಗೆದೂ ನನ್ನ ಬಿಗುವೆಲ್ಲ ಹೋಯಿತು. ಸೀರೆಗೆ ಬಿಗುವು ಹೋಗುವುದು ಅವಮಾನ ಎಂದುಕೊಂಡಿದ್ದೆ. ಹಾಗಲ್ಲವೆಂದು ತಿಳಿದದ್ದು ಶಂಕ್ರವ್ವನ ಮಗ ವೀರೇಶನಿಗೆ ಮದುವೆಯಾಗಿ, ಸೊಸೆ ಕಸ್ತೂರಿ ಮೊದಲ ಮಗುವನ್ನು ಹೆತ್ತಾಗ.

"ಹೊಸ ಬಟ್ಟಿ ಕೂಸಿನ ಮೈ ಕೊರೀತೈತಿ" ಎಂದು ಶಂಕ್ರವ್ವ ನನ್ನನ್ನು ಪಡಸಾಲೆಯ ತೊಲೆಯ ಮೇಲಿಂದ ಹಾಯಿಸಿ, ತುದಿಗಳನ್ನು ಗಂಟು ಹಾಕಿ ಜೋಲಿ ಮಾಡಿದಳು. ಮಗುವಿಗಿಂತ ಮೊದಲು ನನ್ನೊಳಗೆ ಮಲಗಿದ್ದು ರುಬ್ಬುವ ಗುಂಡುಕಲ್ಲು. ಅದನ್ನು ತೂಗಿ ಆದ ಮೇಲೆಯೇ ಕೂಸು. ಅಂದಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ: ಖಾಲಿ ಜೋಲಿಯನ್ನು ಯಾರೂ ತೂಗಬಾರದು, ಕೂಸಿಗೆ ಒಳ್ಳೆಯದಲ್ಲ. ಗಾಳಿಗೆ ನಾನು ತುಸು ಅಲುಗಿದರೂ ಶಂಕ್ರವ್ವ ಅಡುಗೆಮನೆಯಿಂದ ಓಡಿ ಬಂದು ಹಿಡಿದು ನಿಲ್ಲಿಸುತ್ತಿದ್ದಳು.

ಮಗಳ ಹೆಸರು ಸಿಂಚನಾ. ಅವಳಿನ್ನೂ ಹಾಲು ಕುಡಿಯುವಾಗ, ಗಿರಣಿ ಓಣಿಯವರೆಲ್ಲ ಕೂಡಿ ಟೆಂಪೋ ಮಾಡಿಕೊಂಡು ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಪಾರ್ಕಿಗೆ ಹೋಗಿ ಬಂದರು. ನೀರಲ್ಲಿ ಜಾರುವುದು, ರೈಲು ತಲೆಕೆಳಗಾಗುವುದು, ಆಕಾಶಕ್ಕೆ ಏರಿಳಿಯುವ ದೊಡ್ಡ ತೊಟ್ಟಿಲು, ಎಲ್ಲ ಇರುವ ಜಾಗವಂತೆ. ಮರುದಿನ ಕಸ್ತೂರಿ ನನ್ನನ್ನು ತೂಗುತ್ತ, ಒಳಗಿದ್ದ ಮಗಳಿಗೆ ಅದನ್ನೆಲ್ಲ ಹೇಳಿದಳು.

"ಆ ತೊಟ್ಟಲದಾಗ ನಿಮ್ಮಪ್ಪ ಎರಡ ಸಲ ಕುಂತಾನವ್ವ. ನಾ ಏನ್ ಮಾಡಿದೆ ಗೊತ್ತೈತೇನ? ನಿನ್ನ ಎತ್ತಿಕೊಂಡು ಎಲ್ಲಾರ ಚಪ್ಪಲಿ ಕಾದೆ." ನನ್ನನ್ನು ಇನ್ನೊಮ್ಮೆ ತೂಗಿ, "ಒಮ್ಮೆ ಮ್ಯಾಲ ಹೋಗಿ ನೋಡಬೇಕು ನಾ. ಒಮ್ಮೆ ಸಾಕು" ಎಂದಳು.

ಒಳಗೆ ಶಂಕ್ರವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಎರಡನೆಯ ಮಗು ಹುಟ್ಟಿತು, ಗಂಡು. ಅವನೂ ನನ್ನೊಳಗಲ್ಲದೆ ಬೇರೆಲ್ಲೂ ಕಣ್ಣು ಮುಚ್ಚುವವನಲ್ಲ. ಅವನು ಅಂಬೆಗಾಲಿಡುವ ಹೊತ್ತಿಗೆ ಓಣಿಯವರು ಮತ್ತೆ ಪಾರ್ಕಿಗೆ ಹೊರಟರು. ಕಸ್ತೂರಿ ಬುತ್ತಿ ಕಟ್ಟಿದಳು, ಲಂಗೋಟಿ ಮಡಚಿದಳು, ಹಾಲಿನ ಬಾಟಲಿ ತುಂಬಿದಳು. ತನ್ನದೆಂದು ಒಂದು ಕರವಸ್ತ್ರವನ್ನೂ ಇಟ್ಟುಕೊಳ್ಳಲಿಲ್ಲ. ಟೆಂಪೋ ಹಾರ್ನ್ ಹೊಡೆಯುವಾಗ ಶಂಕ್ರವ್ವ ನನ್ನನ್ನು ತೊಲೆಯಿಂದ ಬಿಚ್ಚಿ ಚೀಲಕ್ಕೆ ತುರುಕಿದಳು.

"ಅತ್ತಿ, ಜೋಲಿ ಸೀರಿ ಯಾಕ್ರೀ?"

"ಬಿಸಲಿಗೆ ತಲಿಮ್ಯಾಲ ಹಾಕ್ಕೊಳ್ಳಾಕ. ನೀ ಹತ್ತ ಮೊದಲ."

ಚೀಲದಿಂದ ಹೊರಬಂದಾಗ ನಾನು ಕಂಡದ್ದು ಮಕ್ಕಳ ಮೂಲೆ. ಹೆಸರಿಗೆ ಮಕ್ಕಳದು, ನಾಲ್ಕು ಸಿಮೆಂಟಿನ ಪ್ರಾಣಿ, ಒಂದು ಬೆಂಚು. ಆಟಗಳೆಲ್ಲ ಬೇಲಿಯ ಆಚೆ. ಪ್ರತಿ ಆಟದ ಬಾಗಿಲಲ್ಲೂ ಅಳತೆಯ ಕಂಬ, ಅದರ ಮೇಲೆ ಕೆಂಪು ಗೆರೆ. ಆ ಗೆರೆಯ ಕೆಳಗಿರುವ ತಲೆಗಳೆಲ್ಲ ಇಲ್ಲಿಗೇ ಬರಬೇಕು, ಆ ತಲೆಗಳ ಜೊತೆ ಒಬ್ಬೊಬ್ಬ ತಾಯಿಯೂ. ಬಿಸಿಲಿಗೆ ಮುಖ ಬಾಡಿಸಿಕೊಂಡು ಅವರು ಕುಳಿತಿದ್ದರು, ಬಸ್ಸು ತಪ್ಪಿಸಿಕೊಂಡವರ ಹಾಗೆ.

ವೀರೇಶ ಓಡುತ್ತ ಬಂದ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಕಸ್ತೂರಿ, ಹೆಂಗೂ ನೀ ಇಲ್ಲೇ ಇರ್ತಿಯಲ್ಲ, ನಮ್ಮ ಚಪ್ಪಲಿ ನೋಡ್ಕೋ" ಎಂದು ಒಂದು ರಾಶಿ ಚಪ್ಪಲಿ ಸುರಿದ.

"ಅವಕ್ಕ ತಮ್ಮನ್ನ ತಾವು ಕಾಯ್ಕೊಳ್ಳಾಕ ಬರ್ತೈತಿ, ಬಿಟ್ಟ ಹೋಗು" ಎಂದಳು ಶಂಕ್ರವ್ವ. ಅವನು ನಕ್ಕು ಹೋದ. ಅಮ್ಮ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು.

ಗಂಡುಕೂಸಿಗೆ ನಿದ್ದೆ ಬಂದಿತ್ತು, ಜಾಗ ಸಿಕ್ಕಿರಲಿಲ್ಲ. ಬೆನ್ನು ಬಿಲ್ಲು ಮಾಡಿ ಅಳುತ್ತಿದ್ದ. ಶಂಕ್ರವ್ವ ಸುತ್ತಲೂ ನೋಡಿದಳು. ಮರವಿಲ್ಲ, ತೊಲೆಯಿಲ್ಲ. ಅವಳ ಕಣ್ಣು ಸಿಮೆಂಟಿನ ಜಿರಾಫೆಯ ಮೇಲೆ ನಿಂತಿತು. ನನ್ನ ಒಂದು ತುದಿಯನ್ನು ಅದರ ಬೆನ್ನಿನ ಮೇಲೆ ಎಸೆದು, ಆಚೆಯಿಂದ ಎಳೆದುಕೊಂಡು, ಹೊಟ್ಟೆಯ ಕೆಳಗೆ ಗಂಟು ಬಿಗಿದಳು. ಕಚ್ಚೆ ಹಾಕಿ ಉಡುವಷ್ಟು ಉದ್ದದ ಸೀರೆ ನಾನು, ಧಾರಾಳ ಸಾಕಾದೆ. ನೆರಳೂ ಬಂತು, ಜೋಲಿಯೂ ಆಯಿತು.

ಕಾವಲಿನ ಹೆಂಗಸು ಸೀಟಿ ಊದುತ್ತ ಬಂದಳು. ಅಂಗಿಯ ಮೇಲೆ ಮಾಬೂಬಿ ಎಂದು ಬರೆದಿತ್ತು.

"ಅಮ್ಮಾರ, ಇಲ್ಲೆ ಹಂಗೆಲ್ಲ ಕಟ್ಟೂ ಹಂಗಿಲ್ರಿ. ಇದು ಫೋಟೋ ತಗಸೂ ಜಾಗಾ."

"ಕಟ್ಟಿದರ ಏನಾತ ತಂಗಿ? ನಿಮ್ಮ ಜಿರಾಪಿ ಏನ ಬಸರೈತೇನ, ಹೊಟ್ಟಿ ನೋಯಾಕ?"

ಮಾಬೂಬಿ ನಗು ತಡೆಯಲು ನೋಡಿದಳು, ಆಗಲಿಲ್ಲ. "ಕೂಸು ಮಲಗೂತನಾ ಅಷ್ಟಽರಿ. ನಮ್ಮ ಸಾಹೇಬ್ರು ಬಂದ್ರ ನನಗ ಬೈತಾರ" ಎಂದು ಮುಖ ತಿರುಗಿಸಿ ನಿಂತಳು.

ಕೂಸು ನನ್ನೊಳಗೆ ಕಣ್ಣು ಮುಚ್ಚಿತು. ಶಂಕ್ರವ್ವ ಸೊಸೆಯ ಕಡೆ ತಿರುಗಿದಳು. "ಹೋಗು. ಆ ದೊಡ್ಡ ತೊಟ್ಟಲಾ ಹತ್ತಿ ಬಾ."

ಕಸ್ತೂರಿಗೆ ತನ್ನ ಅಂದಿನ ಮಾತು ಅತ್ತೆಯ ಕಿವಿಗೆ ಬಿದ್ದಿತ್ತೆಂದು ಆಗ ಗೊತ್ತಾಯಿತು. ಮುಖ ಕೆಂಪಾಯಿತು. "ಎದ್ದರ?"

"ಎದ್ದರ ನಾ ಅದೀನಿ."

ಅವಳು ಹೊರಟಳು, ಸಿಂಚನಾ ಸೆರಗು ಹಿಡಿದು ಬೆನ್ನು ಹತ್ತಿದಳು. ಸ್ವಲ್ಪ ಹೊತ್ತಿಗೇ ತಾಯಿ ಮಗಳು ಇಬ್ಬರೂ ಹಿಂದಿರುಗಿದರು. ಕೆಂಪು ಗೆರೆಗೆ ಮಗಳು ಗೇಣು ಕಡಿಮೆ. ಅವಳು ಊರೇ ಕೇಳುವಂತೆ ಅಳುತ್ತಿದ್ದಳು. ಆ ಅಳುವಿಗೆ ಕೂಸೂ ಎದ್ದಿತು. ಶಂಕ್ರವ್ವ ಅದನ್ನೆತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಕಸ್ತೂರಿ ಚಪ್ಪಲಿಗಳ ಪಕ್ಕ ಕುಳಿತಳು. ಜೋಡಿ ಜೋಡಿಯಾಗಿ ಸರಿಪಡಿಸತೊಡಗಿದಳು.

ಸಿಂಚನಾ ಸಿಟ್ಟಿನಲ್ಲಿ ನನ್ನನ್ನು ಜೋರಾಗಿ ನೂಕಿದಳು. ನಾನು ಖಾಲಿಯಾಗಿ ತೂಗಿದೆ.

"ಖಾಲಿ ತೂಗಬ್ಯಾಡ!" ಶಂಕ್ರವ್ವ ಚೀರಿ, ಅಡ್ಡಬಂದು ನನ್ನನ್ನು ಹಿಡಿದಳು. ತುಂಬಲು ಗುಂಡುಕಲ್ಲು ಇರಲಿಲ್ಲ. ಕೂಸನ್ನು ಬೆಂಚಿನ ಮೇಲಿದ್ದ ತಾಯಿಯೊಬ್ಬಳ ಮಡಿಲಿಗಿಟ್ಟು, ಮೊಮ್ಮಗಳನ್ನೇ ಎತ್ತಿ ನನ್ನೊಳಗೆ ಕೂರಿಸಿದಳು. ತೂಗಿದಳು.

ಅಳು ನಿಂತಿತು. ಜಿರಾಫೆಯ ಮುಂಗಾಲಿನಿಂದ ಹಿಂಗಾಲಿಗೆ ಹೋಗಿ ಬರುತ್ತ ಹುಡುಗಿ ಕೇಕೆ ಹಾಕಿದಳು. "ಆಯಿ, ಇನ್ನೂ ಜೋರ!"

ಬೆಂಚಿನ ಮೇಲಿದ್ದ ಮಕ್ಕಳು ಒಂದೊಂದಾಗಿ ಬಂದವು. ಕೆಂಪು ಗೆರೆ ಮುಟ್ಟದವು, ಮೂಗು ಸುರಿಸುವವು, ಒಂದು ಕಾಲಿಗೆ ಮಾತ್ರ ಬೂಟು ಇದ್ದದ್ದು. ಶಂಕ್ರವ್ವ ಸಾಲು ನಿಲ್ಲಿಸಿದಳು. ಒಂದು ಮಗು ಇಳಿಯುವ ಮೊದಲೇ ಇನ್ನೊಂದನ್ನು ಏರಿಸಬೇಕು, ಖಾಲಿ ಬಿಡುವಂತಿಲ್ಲ. "ಲಗೂನ ಬರ್ರಿ, ಖಾಲಿ ಆದೀತು!" ಎಂದು ತಾಯಂದಿರನ್ನೂ ದುಡಿಸಿದಳು. ಸಿಂಚನಾ ತಾಯಿಯನ್ನು ಮರೆತು, ಸಾಲಿನ ಯಜಮಾನಿಯಾಗಿ, ಎಲ್ಲರಿಗೂ ಪಾಳಿ ಹೇಳುತ್ತಿದ್ದಳು.

"ಈಗ ಹೋಗು" ಎಂದಳು ಶಂಕ್ರವ್ವ. ಕಸ್ತೂರಿ ಈ ಸಲ ಏನೂ ಕೇಳಲಿಲ್ಲ. ಎದ್ದು ಓಡಿದಳು.

ದೊಡ್ಡ ತೊಟ್ಟಿಲಿಗೆ ಉದ್ದ ಸಾಲಿತ್ತು. ಅವಳ ಹಸಿರು ಸೀರೆ ಇರುವೆಯ ಹಾಗೆ ಮುಂದೆ ಸರಿಯುವುದು ನನಗೂ ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ನಡುವಿನಲ್ಲಿ ಎಲ್ಲೋ ಪರ್ ಎಂದಿತು. ಶಂಕ್ರವ್ವ ಕೇಳಿಸಿಕೊಂಡಳು. ಒಳಗಿದ್ದ ಮಗುವನ್ನು ಇಳಿಸಿ, ನನ್ನನ್ನು ಅಲುಗದಂತೆ ಹಿಡಿದು, "ಸೀರಿಗೆ ದಣಿವಾತು, ಇನ್ನ ಸಾಕು" ಎಂದಳು. ಆಗಲೇ ಮಾಬೂಬಿಯ ಸಾಹೇಬ ಬಂದ.

"ಯಾರ್ರೀ ಇದನ್ನ ಕಟ್ಟಿದ್ದು? ಬಿಚ್ರಿ. ಎಲ್ಲಾರೂ ಇಲ್ಲಿಂದ ಏಳ್ರಿ."

ಎದ್ದರೆ ಮಕ್ಕಳನ್ನು ಕರೆದುಕೊಂಡು ಬೇಲಿಯಾಚೆ ಹೋಗಬೇಕು. ಹೋದರೆ ಸಿಂಚನಾಳಿಗೆ ತಾಯಿ ಕಾಣುತ್ತಾಳೆ, ಅಳು ಏಳುತ್ತದೆ, ಕಸ್ತೂರಿ ಸಾಲು ಬಿಟ್ಟು ಬರುತ್ತಾಳೆ. ಹಸಿರು ಸೀರೆ ಈಗಷ್ಟೇ ತೊಟ್ಟಿಲ ಬಾಗಿಲು ಮುಟ್ಟಿತ್ತು.

"ಬಿಚ್ಚತೀನಪ್ಪಾ. ಗಂಟು ಬಿಗದೈತಿ. ವಯಸ್ಸಾದ ಕೈ." ಶಂಕ್ರವ್ವ ಗಂಟಿಗೆ ಕೈ ಹಾಕಿದಳು.

ಅದು ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಜೋಲಿಯ ಗಂಟು ಹಾಗೇ ಇರಬೇಕು, ದಿನಾ ಅವಳೇ ಕಟ್ಟಿ ಬಿಚ್ಚಿದ್ದು. ಆದರೂ ಅವಳ ಬೆರಳು ಅದರ ಸುತ್ತ ತಡವರಿಸಿದವು, ಉಗುರಿನಿಂದ ಕೆದರಿದವು. ಹಲ್ಲು ಹಚ್ಚಿ ನೋಡಿದಳು. ಕಣ್ಣು ಮಾತ್ರ ಮೇಲಿತ್ತು.

"ನಾ ಬಿಚ್ಚಲೇನ್ರೀ?" ಎಂದ ಸಾಹೇಬ.

"ಬ್ಯಾಡ ಬ್ಯಾಡ, ಹೆಣ್ಣಮಕ್ಕಳ ಸೀರಿ."

ಅವನು ನಾಚಿ ಹಿಂದೆ ಸರಿದ. ಮಾಬೂಬಿ ಆಕಾಶ ನೋಡಿದಳು. ಅಲ್ಲಿ ಹಸಿರು ಚುಕ್ಕೆಯೊಂದು ಮೆಲ್ಲಗೆ ಏರುತ್ತಿತ್ತು. ತುದಿ ಮುಟ್ಟಿತು. ಇಳಿಯಿತು, ಮತ್ತೆ ಏರಿತು. ಆಮೇಲೆ ಶಂಕ್ರವ್ವ ಒಮ್ಮೆ ಎಳೆದಳು. ನಾನು ಅವಳ ತೋಳಿಗೆ ಬಿದ್ದೆ.

ಕಸ್ತೂರಿ ಬಂದಾಗ ಜಡೆ ಬಿಚ್ಚಿಹೋಗಿತ್ತು. "ಅತ್ತಿ, ಅಷ್ಟ ಮ್ಯಾಲ ಹೋದ್ರೂ ನಮ್ಮ ಗಿರಣಿ ಕಾಣಲಿಲ್ರೀ!"

"ಅದು ಕಾಣಬಾರದಂತನ ನಿನ್ನ ಕಳಿಸಿದ್ದು" ಎಂದಳು ಶಂಕ್ರವ್ವ.

ಹರಿದ ನಾನು ಮತ್ತೆ ತೊಲೆ ಏರಲಿಲ್ಲ. ಕಸ್ತೂರಿ ನನ್ನನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಕೆಳಗೆ ಬೇರೆ ಹಳೆಯ ಸೀರೆಗಳನ್ನಿಟ್ಟು ಕೌದಿ ಹೊಲಿದಳು. ಈಗ ನಾನು ಕಾಣುವುದಿಲ್ಲ, ಕೇಳಿಸಿಕೊಳ್ಳುತ್ತೇನೆ. ಶಂಕ್ರವ್ವನ ಮಂಚದ ಮೇಲೆ ನನ್ನ ಜಾಗ.

ಮಕ್ಕಳು ಕೆಂಪು ಗೆರೆ ದಾಟುವಷ್ಟು ಬೆಳೆದಿದ್ದಾರೆ. ಹೋದ ವಾರ ಓಣಿಯವರು ಮತ್ತೆ ಟೆಂಪೋ ಮಾಡಿದರು. "ಈ ಸಲ ಚಪ್ಪಲಿ ನಿಮ್ಮ ಪಾಳಿ" ಎಂದು ಕಸ್ತೂರಿ ಗಂಡನಿಗೆ ಹೇಳುವುದು ಕೇಳಿಸಿತು. "ಮತ್ತ ನೀವು ಬರ್ರಿ ಅತ್ತಿ, ನನ್ನ ಕೂಡ ಮ್ಯಾಲ." ಶಂಕ್ರವ್ವ ಮೊಣಕಾಲು ನೋವೆಂದಳು, ತಲೆ ತಿರುಗುತ್ತದೆಂದಳು, ಜನ ನಗುತ್ತಾರೆಂದಳು. ಕೊನೆಗೆ ಹೋದಳು.

ಮುಸ್ಸಂಜೆಗೆ ಬಂದು ನನ್ನ ಮೇಲೆ ಅಂಗಾತ ಮಲಗಿದಳು. ಇಷ್ಟು ಜನರನ್ನು ತೂಗಿದವಳು ನಾನು. ತೂಗಿ ಬಂದವರ ಮೈ ಹೇಗಿರುತ್ತದೆಂದು ಬಲ್ಲೆ.

"ಹೆಂಗಿತ್ರೀ ಅತ್ತಿ?" ಕಸ್ತೂರಿ ಬಾಗಿಲಲ್ಲಿ ಕೇಳಿದಳು.

"ಸುಮ್ಮನಿರ, ಮಾತಾಡಿಸಬ್ಯಾಡ" ಎಂದಳು ಶಂಕ್ರವ್ವ. "ಇನ್ನೂ ತೂಗಾಕತ್ತೈತಿ."