ಎರಡನೆಯ ತಟ್ಟೆ

ತಟ್ಟೆ ಇಟ್ಟ ಆ ಸದ್ದು ಇನ್ನೂ ಕಿವಿಯೊಳಗಿದೆ, ಆಗಲೇ ದೀಪ ಹಾಕಿಬಿಟ್ಟರು, ಹಾಳಾದವರು, ಪರದೆಯ ಮೇಲೆ ಹೆಸರುಗಳು ಮುಗಿಯುವ ತನಕ ತಡೆಯಲಿಲ್ಲ, ಸಿನಿಮಾದಲ್ಲಿ ತಂಗಿಯ ಪಾತ್ರ ಮಾಡಿದವಳು ಯಾರೆಂದು ಅವಳಿಗೆ ತಿಳಿಯಬೇಕಿತ್ತು — ಅಂಥದ್ದೇನು ಮಾಡಿದಳು, ಅಣ್ಣ ತಾನು ಪ್ರೀತಿಸುವವನ ಕೈಹಿಡಿದು ಒಳಗೆ ತಂದು ಇವನಿಗೂ ಒಂದು ತಟ್ಟೆ ಹಾಕು ಅಂದ, ಅಪ್ಪನ ತುತ್ತು ಗಾಳಿಯಲ್ಲೇ ನಿಂತಿತು, ಆ ತಂಗಿ ತಲೆಯೆತ್ತದೆ ಎರಡನೆಯ ತಟ್ಟೆ ಇಟ್ಟಳು, ಟಕ್, ಅಷ್ಟೇ, ಅಷ್ಟು ಸುಲಭವೇನೇ, ಸುಳ್ಳಿ, ಎದುರಿಗೆ ಸಿಕ್ಕರೆ ಕೆನ್ನೆಗೆ ಬಾರಿಸಬೇಕು, ಯಾರದೋ ಬಾಡಿಗೆ ಮನೆಯಲ್ಲಿ ತೆಗೆದ ಬಡ ಸಿನಿಮಾ, ಹಾಡಿಲ್ಲ, ಭಾಷಣವಿಲ್ಲ, ಕಿಟಕಿ ಹಾಕೋ ಚಳಿ ಅಂತಾನೆ ಆ ಹುಡುಗ, ಬಿಟ್ಟುಹೋಗಬೇಡ ಅಂದಂತೆ ಕೇಳಿಸುತ್ತದೆ, ಹೇಗೆ ಅಂದನೋ ಪಾಪಿ, ಆ ಕೈ — ಬೇಡ, ಆ ಕೈ ಈಗ ಬೇಡ. ಹೇಗಿತ್ತು ಮೇಡಂ, ಫಿಲಂ ಕ್ಲಬ್ಬಿನ ಕಾರ್ಯದರ್ಶಿ ಅಂಕಪಟ್ಟಿ ತಳ್ಳುತ್ತಾರೆ, ನಟನೆ, ಸಂಭಾಷಣೆ ನಿಮ್ಮಿಷ್ಟ, ಧಾರಾಳವಾಗಿ ಕೊಡಿ, ಮೂರನೇದು ನಾನೇ ಹಾಕಿದೀನಿ, ಮೇಲೆ ಪೆನ್ನಾಡಿಸಿದ್ರೆ ಸಾಕು — ಪ್ರದರ್ಶನ ಯೋಗ್ಯತೆ, ಪೆನ್ಸಿಲಿನ ಸೊನ್ನೆ, ನೋಡುವ ಮೊದಲೇ ಅಂಕ ಹಾಕಿಡುವುದು ಇವರ ಪದ್ಧತಿ, ಸೊನ್ನೆ ಬಿದ್ದ ಸಿನಿಮಾ ಮತ್ತೆ ಡಬ್ಬಕ್ಕೆ, ಎರಡು ವರ್ಷದಿಂದ ಆಯ್ಕೆ ಸಮಿತಿಯಲ್ಲಿರುವ ಅವಳೂ ತೆಪ್ಪಗೆ ಪೆನ್ನಾಡಿಸಿದ್ದಾಳೆ. ಆ್ಯಕ್ಟಿಂಗ್ ಸೂಪರ್ ಕಣಮ್ಮ, ನಂಗೂ ಕಣ್ಣಲ್ಲಿ ನೀರು ಬಂತು, ಆದ್ರೆ ನಮ್ಮಲ್ಲಿಗೆ ಮನೆಮಂದಿಯೆಲ್ಲ ಬರ್ತಾರಲ್ವಾ. ಮನೆಮಂದಿ — ಅವಳ ಮನೆಯಲ್ಲೂ ಆ ದಿನ ಕುರ್ಚಿಯಲ್ಲಿ ಅಪ್ಪ, ಬಾಗಿಲಲ್ಲಿ ಅಣ್ಣ, ಪಕ್ಕದಲ್ಲಿ ಅಣ್ಣ ಪ್ರೀತಿಸಿದವನು, ಬಿಸಿಲಲ್ಲಿ ನಡೆದು ಮುಖವೆಲ್ಲ ಕೆಂಪು, ಇವನಿಗೊಂದು ಲೋಟ ನೀರು ಕೊಡೇ ಅಂದ ಅಣ್ಣ, ಅವನು ಕೈ ಚಾಚಿಯೇಬಿಟ್ಟಿದ್ದ, ಹೆಬ್ಬೆರಳಿಗೆ ಗಾಯದ ಬಿಳಿ ಪಟ್ಟಿ, ಲೋಟ ಅವಳ ಕೈಯಲ್ಲೇ ಇತ್ತು, ಅಪ್ಪನ ಮುಖ ನೋಡಿದಳು, ಲೋಟ ಒರೆಸಿದಳು, ಒಣಗಿದ ಲೋಟವನ್ನೇ ಒರೆಸುತ್ತ ನಿಂತಳು, ನಡಿಯೋ ಹೋಗೋಣ ಅಂದ ಅಣ್ಣ, ಅವಳ ಕಡೆ ತಿರುಗಲೂ ಇಲ್ಲ, ಮೂರು ವರ್ಷವಾಯಿತು, ಒಂದು ಫೋನಿಲ್ಲ. ನಟನೆ ಹತ್ತು, ಸಂಭಾಷಣೆ ಹತ್ತು, ರಬ್ಬರು ಎಲ್ಲಿ, ಆ ಸೊನ್ನೆಯನ್ನು ಉಜ್ಜುತ್ತಾಳೆ, ದುಂಡಗೆ, ದುಂಡಗೆ, ಅಯ್ಯೋ ಕಾಗದ ಹರಿಯುತ್ತಮ್ಮ, ಹರಿಯಲಿ, ಯಾರನ್ನ ಕೇಳಿ ಅಳಿಸಿದ್ರಿ, ಯಾರನ್ನೂ ಇಲ್ಲ, ಹತ್ತು, ಪೆನ್ನಿನಲ್ಲಿ, ಒತ್ತಿ, ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು, ಇಡಲಿ, ಸಿನಿಮಾ ಹೋಗುತ್ತದೆ ಪರದೆಗೆ, ಎಲ್ಲರ ಮನೆಮಂದಿಯೂ ಆ ಟಕ್ ಕೇಳಲಿ — ಆದರೆ ಬೆರಳಿಗೆ ಲೋಟದ ತಂಪು ಅಂಟಿಯೇ ಇದೆ, ಎಷ್ಟು ಹತ್ತು ಹಾಕಿದರೂ ಬಿಡದು, ಬಾಗಿಲಲ್ಲಿ ಆ ಕೈ, ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ, ಹೆಬ್ಬೆರಳಿಗೆ ಬಿಳಿ ಪಟ್ಟಿ, ಚಾಚಿದ ಕೈ, ಚಾಚಿದ ಖಾಲಿ ಕೈ —